ಜೀರಿಗೆ ಮಿಡಿಯ ಬೆನ್ನು ಹತ್ತಿದ ಜೀಪು

ನಮ್ಮ ಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ಮಾತು ನಿಂತು ಒಂದು ತಿಂಗಳಾಗಿತ್ತು. ಕಾರಣ ಒಂದು ಉಪ್ಪಿನಕಾಯಿ ಜಾಡಿ. ಕೇಳಿದವರು ನಗಬಹುದು, ಈಗ ನನಗೂ ನಗು ಬರುತ್ತದೆ. ಆದರೆ ಆ ಜಾಡಿಯಲ್ಲಿದ್ದದ್ದು ಸಂತೆಯಲ್ಲಿ ಸಿಗುವ ಮಾವಿನಕಾಯಿಯಲ್ಲ. ನೀರಿನಲ್ಲಿ ಮುಳುಗಿಹೋದ ಮರವೊಂದರ ಕೊನೆಯ ಅಪ್ಪೆಮಿಡಿ.

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ನಮ್ಮ ಊರೂ ಮುಳುಗಿತು. ನಾವು ಸಾಗರ ಪೇಟೆಗೆ ಬಂದು ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು, ಅಪ್ಪ ಅಕ್ಕಿ ಗಿರಣಿಯ ಕೆಲಸಕ್ಕೆ ಸೇರಿದ. ಅಪ್ಪನ ತಾಯಿ, ನನ್ನ ಅಜ್ಜಿ, ಗದ್ದೆ ಹೋಯಿತೆಂದು ಅತ್ತದ್ದನ್ನು ನಾನು ನೋಡಲೇ ಇಲ್ಲ. "ಗದ್ದೆ ನಮ್ದಾಗಿತ್ತನಾ? ಗೇಣಿ ಗದ್ದೆ, ಒಡೇರದ್ದು" ಅನ್ನುತ್ತಿದ್ದಳು. ಅವಳು ಮರುಗುತ್ತಿದ್ದದ್ದು ಹಳ್ಳದ ದಂಡೆಯಲ್ಲಿದ್ದ ಒಂದು ಮಾವಿನ ಮರಕ್ಕೆ. ಅದು ಯಾರದ್ದೂ ಅಲ್ಲ, ಹಾಗಾಗಿ ಊರಿನ ಎಲ್ಲರದ್ದು. ಅದರ ಮಿಡಿಯ ತೊಟ್ಟು ಮುರಿದರೆ ಸಾಕು, ಜೀರಿಗೆ ಹುರಿದಂಥ ಪರಿಮಳ ಜಗಲಿಯಿಂದ ಹಿತ್ತಲವರೆಗೆ ಹೋಗುತ್ತಿತ್ತು. ಊರು ಬಿಡುವ ಬೇಸಿಗೆಯಲ್ಲಿ ಅಜ್ಜಿ ಆ ಮರದ ಮಿಡಿ ಕೊಯ್ಯಿಸಿ, ಉಪ್ಪಿನಲ್ಲಿ ಹಾಕಿ, ಜಾಡಿಯ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡೇ ಸಾಗರಕ್ಕೆ ಬಂದಳು. ಹಿತ್ತಾಳೆ ಹಂಡೆ ಬೇಕಾದರೆ ಹಿಂದಿನ ಗಾಡಿಯಲ್ಲಿ ಬರಲಿ ಅಂದಳಂತೆ.

ಆ ಜಾಡಿಗೆ ಒಂದು ಕಟ್ಟಳೆ ಇತ್ತು. ಅಮ್ಮನ ಹೊರತು ಯಾರೂ ಮುಟ್ಟುವಂತಿಲ್ಲ. ಅಮ್ಮನೂ ಕೈ ಒರೆಸಿಕೊಂಡು, ಒಣಗಿದ ಮರದ ಸೌಟಿನಲ್ಲಿ, ಊಟಕ್ಕೆ ಒಬ್ಬರಿಗೊಂದರಂತೆ ತೆಗೆಯಬೇಕು. ಒಂದು ಹನಿ ನೀರು ಬಿದ್ದರೂ ಮಿಡಿ ಕೆಡುತ್ತದೆ. ಕೆಡದಿದ್ದರೆ ನಾಲ್ಕೈದು ವರ್ಷ ಕೂತಿರುತ್ತದೆ. ನಮ್ಮ ಜಾಡಿ ಕೂರಲಿಲ್ಲ. ಶಿವರಾತ್ರಿಯ ಮಾರನೆ ದಿನ ಬಟ್ಟೆ ಬಿಚ್ಚಿದಾಗ ಮೇಲೆ ಬೆಳ್ಳಗೆ ಬೂಷ್ಟು ಕಟ್ಟಿತ್ತು, ಒಳಗಿನ ಮಿಡಿ ಮೆತ್ತಗಾಗಿ ನಾರುತ್ತಿತ್ತು. ಅಜ್ಜಿ ಅಮ್ಮನ ಮುಖವನ್ನೊಮ್ಮೆ ನೋಡಿದಳು, ಜಾಡಿಯನ್ನು ಹಿತ್ತಲಿಗೆ ಒಯ್ದು ಬುಡ ಮೇಲು ಮಾಡಿದಳು. ಅಂದಿನಿಂದ ಅವಳು ಅಮ್ಮನ ಹತ್ತಿರ ಮಾತು ಬಿಟ್ಟಳು.

ಎರಡು ಕೋಣೆಯ ಮನೆಯಲ್ಲಿ ಮಾತು ಬಿಟ್ಟು ಬದುಕುವುದು ಸುಲಭವಲ್ಲ. ಹೇಳಲೇಬೇಕಾದದ್ದನ್ನು ಅಜ್ಜಿ ಬೆಕ್ಕಿಗೆ ಹೇಳುತ್ತಿದ್ದಳು. "ಬೆಕ್ಕೇ, ನೀರೊಲೆಗೆ ಬೆಂಕಿ ಹಾಕಿದ್ರನ ಕೇಳು." ಅಮ್ಮನೂ ಬೆಕ್ಕಿಗೇ ಉತ್ತರ ಕೊಡುತ್ತಿದ್ದಳು. ಆ ತಿಂಗಳು ಬೆಕ್ಕಿಗೆ ಸಿಕ್ಕಷ್ಟು ಮರ್ಯಾದೆ ಅಪ್ಪನಿಗೂ ಸಿಗಲಿಲ್ಲ. ಆದರೆ ನಗುವ ಹಾಗಿರಲಿಲ್ಲ. ಅಜ್ಜಿ ಊಟ ಕಡಿಮೆ ಮಾಡಿದಳು. ಎರಡು ತುತ್ತು ಮಜ್ಜಿಗೆ ಅನ್ನ ಉಂಡು ಏಳುವಳು, ಬಳೆ ಮೊಣಕೈಯವರೆಗೆ ಜಾರತೊಡಗಿತು. ಅಮ್ಮ ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇಷ್ಟಕ್ಕೂ ಜಾಡಿಗೆ ಕೈ ಹಾಕಿದವಳು ನಾನು. ನನಗಾಗ ಹತ್ತು ವರ್ಷ. ಶಾಲೆಯಿಂದ ಬಂದು ಕೈಕಾಲು ತೊಳೆದು, ಮನೆಯಲ್ಲಿ ಯಾರೂ ಇಲ್ಲದಾಗ, ಬಟ್ಟೆಯ ಗಂಟು ಸಡಿಲಿಸಿ ಒದ್ದೆ ಕೈಯನ್ನೇ ಇಳಿಬಿಟ್ಟು ಮಿಡಿ ತೆಗೆದು ಚೀಪುತ್ತಿದ್ದೆ. ಒಂದು ಸಲವಲ್ಲ, ಹತ್ತು ಸಲ. ಅಮ್ಮ ಬೈಸಿಕೊಂಡಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ. ಬೈಗುಳವೇ ಇಲ್ಲದ ಜಗಳದ ನಡುವೆ ಎಲ್ಲಿ ಬಾಯಿ ಹಾಕಬೇಕೆಂದು ತಿಳಿಯಲಿಲ್ಲ.

ಯುಗಾದಿ ಹತ್ತಿರ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಜೀಪು ನಿಂತಿತು. ಅಮ್ಮನ ತಮ್ಮ, ನನ್ನ ಸೋದರಮಾವ, ಮರದ ನಾಟಾ ಕಂತ್ರಾಟುದಾರರೊಬ್ಬರ ಹತ್ತಿರ ಡ್ರೈವರ್ ಆಗಿದ್ದ. ಜೀಪು ರಿಪೇರಿಯಾಗಿ ಬಂದಿತ್ತು, ಧಣಿ ಊರಲ್ಲಿರಲಿಲ್ಲ. "ಓಡಿಸಿ ನೋಡು ಅಂದಿದಾರೆ. ಎಷ್ಟು ದೂರ ಅಂತ ಹೇಳಿಲ್ಲ" ಎಂದು ನಕ್ಕ. ಇಕ್ಕೇರಿ ದೇವಸ್ಥಾನಕ್ಕೆ ಹೋಗಿ ಕೈ ಮುಗಿದು ಊಟದ ಹೊತ್ತಿಗೆ ಬರುವುದೆಂದಾಯಿತು. ಅಮ್ಮ ದೋಸೆಗೆ ಅಕ್ಕಿ ನೆನೆಹಾಕಿದ್ದಳು, ಅದಕ್ಕೊಂದು ತಟ್ಟೆ ಮುಚ್ಚಿ ಹೊರಟಳು. ಅಜ್ಜಿ ಮಾವನ ಪಕ್ಕ ಮುಂದೆ ಕೂತಳು. ನಾವು ಮೂವರು ಹಿಂದೆ.

ಇಕ್ಕೇರಿಯಲ್ಲಿ ಅಜ್ಜಿ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ಹೊರಗೆ ಬಂದವಳು ಕಲ್ಲಿನ ಬಸವನ ಮಂಟಪದ ನೆರಳಲ್ಲಿ ಕೂತು, "ತಮ್ಮಾ, ತೀರ್ಥಳ್ಳಿ ಇಲ್ಲಿಂದ ಎಷ್ಟು ದೂರಾಗ್ತದೆ?" ಎಂದು ಮಾವನನ್ನು ಕೇಳಿದಳು. ತೀರ್ಥಹಳ್ಳಿಯ ಹತ್ತಿರ ಅವಳ ತಂಗಿಯ ಮನೆ. ಆ ಚಿಕ್ಕಜ್ಜಿ ಯಾವುದೋ ಕಾಲದಲ್ಲಿ ನಮ್ಮೂರಿಗೆ ಬಂದಾಗ ಹಳ್ಳದ ದಂಡೆಯ ಮರದ ಎರಡು ಗೊರಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದಳಂತೆ. ಒಂದು ಹುಟ್ಟಿ ಮರವಾಗಿ ಈಗ ಕಾಯಿ ಬಿಡುತ್ತಿದೆಯೆಂದು ಯಾರದ್ದೋ ಕೈಯಲ್ಲಿ ಸುದ್ದಿ ಬಂದಿತ್ತು. ಅಜ್ಜಿ ಆಗ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. "ಗೊರಟೆಯಿಂದ ಎದ್ದಿದ್ದು ತಾಯಿ ಮರದ ಹಂಗೇ ಆಗ್ತದೆ ಅಂತ ಯಾರು ಬರ್ಕೊಟ್ಟಿದಾರೆ? ನೂರಕ್ಕೊಂದು ಆದ್ರೆ ಆಯ್ತು" ಎಂದು ತಳ್ಳಿಹಾಕಿದ್ದಳು. ಇವತ್ತು ಅವಳೇ ಹೊರಟು ನಿಂತಿದ್ದಳು.

ಅಪ್ಪ ಬಿಸಿಲು, ದೂರ, ನಾಳೆ ಗಿರಣಿ ಎಂದೆಲ್ಲ ತಡವರಿಸಿದ. ಅಮ್ಮನಿಗೆ ಬೆಕ್ಕು ಸಿಗಲಿಲ್ಲ, ಜೀಪಿನ ಬಾನೆಟ್ಟಿಗೆ ಹೇಳಿದಳು, "ನೆನೆಹಾಕಿದ ಅಕ್ಕಿ ಎಲ್ಲಿಗೂ ಓಡಿ ಹೋಗಲ್ಲ. ಹೋಗ್ಬರಾಣ."

ಹೊಸನಗರದ ದಾರಿಯುದ್ದಕ್ಕೂ ಮಾವ ಮಾವಿನ ಮರ ಕಂಡಲ್ಲೆಲ್ಲ ಬ್ರೇಕು ಹಾಕಿದ. ದಾರಿಯಲ್ಲೇ ಸಿಕ್ಕಿದರೆ ತೀರ್ಥಹಳ್ಳಿಯವರೆಗೆ ಯಾಕೆ ಎಂಬುದು ಅವನ ಲೆಕ್ಕ. ಅಪ್ಪ ಕೊಂಬೆ ಬಗ್ಗಿಸಿ ಮಿಡಿ ಕಿತ್ತು ತಂದು ಕೊಟ್ಟರೆ ಅಜ್ಜಿ ತೊಟ್ಟು ಮುರಿದು, ಸೊನೆಯನ್ನು ಮೂಗಿಗೆ ಹಿಡಿದು, ಒಂದೊಂದಕ್ಕೂ ತೀರ್ಪು ಹೇಳುವಳು. "ಸೀಮೆಎಣ್ಣೆ." "ಇದಕ್ಕೆ ವಾಸನೇನೇ ಇಲ್ಲ, ಸೌತೆಕಾಯಿ." "ಇದು ಪರ್ವಾಗಿಲ್ಲ, ಕರ್ಪೂರ. ಆದ್ರೆ ನಮ್ದಲ್ಲ." ಏಳೆಂಟು ಮರ ಹೀಗೆ ಫೇಲಾದವು. ಹೊಸನಗರದಲ್ಲಿ ಹೋಟೆಲಿನ ಅವಲಕ್ಕಿ ತಿಂದು ಕಾಫಿ ಕುಡಿದೆವು. ಅಜ್ಜಿ ಕಾಫಿಯನ್ನು ಪೂರ್ತಿ ಕುಡಿದಳು. ಅದನ್ನು ಅಮ್ಮ ಓರೆಗಣ್ಣಲ್ಲಿ ಗಮನಿಸಿದ್ದು ನನಗೆ ಕಂಡಿತು.

ನಗರವೆಂಬ ಊರು ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗಿತು. ಬೇಸಿಗೆಯೆಂಬುದೇ ಅಲ್ಲಿಗೆ ಬಂದ ಹಾಗಿರಲಿಲ್ಲ. ಒಂದು ಗುಡ್ಡದ ಬೆನ್ನಿಗೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಎಲ್ಲ ಹಸಿರು, ಕೊನೆಯವು ನೀಲಿ. ತಲೆಯ ಮೇಲೆ ಮಂಗಟ್ಟೆ ಹಕ್ಕಿಗಳು ರೆಕ್ಕೆಯಲ್ಲೇ ಭರ್‌ ಭರ್‌ ಎಂದು ಸದ್ದು ಮಾಡುತ್ತ ದಾಟಿದವು. ಬೆಕ್ಕಿನಷ್ಟು ದೊಡ್ಡ ಕೆಂಜಳಿಲೊಂದು ಕೊಂಬೆಯಿಂದ ಕೊಂಬೆಗೆ ಹಾರಿದ್ದನ್ನು ಅಪ್ಪ ತೋರಿಸಿದ. ಪೇಟೆಗೆ ಬಂದ ಮೇಲೆ ಅಪ್ಪ ಹಾಗೆ ಬೆರಳು ತೋರಿಸಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಎಲ್ಲರನ್ನೂ ಒಟ್ಟಿಗೆ ತಬ್ಬಿಕೊಳ್ಳಬೇಕು ಅನ್ನಿಸಿತು, ಹಿಂದೆಯೇ ಜಾಡಿ ನೆನಪಾಗಿ ಕೈಯನ್ನು ಮಡಿಲಿಗೆ ಎಳೆದುಕೊಂಡೆ.

ಒಂದು ತಿರುವು ಕಳೆದದ್ದೇ ಮಾವ ಗಕ್ಕನೆ ನಿಲ್ಲಿಸಿ ಎಂಜಿನ್ ಆರಿಸಿದ. ರಸ್ತೆಯ ನಡುವೆ ಕಾಟಿ ನಿಂತಿತ್ತು. ಕಾಟಿಯೆಂದರೆ ಕಾಡುಕೋಣ. ಐದಾರರ ಹಿಂಡೊಂದು ಪಕ್ಕದ ಪೊದೆಯಲ್ಲಿ ಮೇಯುತ್ತಿತ್ತು. ಇದೊಂದು ಮಾತ್ರ ಬಿಳಿ ಕಾಲುಚೀಲ ಹಾಕಿಕೊಂಡಂಥ ನಾಲ್ಕೂ ಕಾಲು ಊರಿ, ಜೀಪಿಗೆ ಎದುರಾಗಿ, ಉಸಿರು ಬಿಡುತ್ತಿತ್ತು. ಜೀಪಿಗೆ ಬಾಗಿಲೂ ಇರಲಿಲ್ಲ. "ಹಿಂದಕ್ಕೆ ತಗಳೋ ಮಾರಾಯ" ಎಂದು ಅಪ್ಪ ಪಿಸುಗುಟ್ಟಿದ. ಮಾವ ಕೀಲಿ ತಿರುಗಿಸಿದ. ಜೀಪು ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ, ಕೆಮ್ಮಲೂ ಇಲ್ಲ. "ಹ್ಯಾಂಡ್ಲು ಹೊಡೀಬೇಕು" ಎಂದ. ಹ್ಯಾಂಡ್ಲು ಹೊಡೆಯಬೇಕೆಂದರೆ ಜೀಪಿನ ಮುಂದೆ ಹೋಗಿ ನಿಂತು ಕಬ್ಬಿಣದ ಸಲಾಕೆ ಸಿಕ್ಕಿಸಿ ತಿರುಗಿಸಬೇಕು. ಜೀಪಿನ ಮುಂದೆ ಕಾಟಿ ಇತ್ತು.

ನಾವು ಉಸಿರು ಬಿಗಿಹಿಡಿದು ಕೂತೆವು. ಅಜ್ಜಿ ಮಾತ್ರ ಹೆದರಲಿಲ್ಲ. ಕೈ ಮುಗಿದು, ಹಿಂದೆ ತಿರುಗದೆ, ಮುಂದಿನ ಗಾಜಿಗೆ ಹೇಳಿದಳು, "ಸುಮ್ನೆ ಅಡ್ಡ ನಿಲ್ಲಲ್ಲ ಅದು. ಯಾರ ಮನಸಲ್ಲಿ ತಪ್ಪು ಅದೆಯೋ ಅವ್ರು ಒಪ್ಕಂಡ್ರೆ ದಾರಿ ಬಿಡ್ತದೆ."

ಯಾರಿಗೆ ಹೇಳಿದ್ದೆಂದು ಎಲ್ಲರಿಗೂ ಗೊತ್ತಿತ್ತು. ಅಮ್ಮ ತಲೆ ತಗ್ಗಿಸಿದಳು. ಅವಳ ಕೈ ನನ್ನ ಕೈಯ ಮೇಲಿತ್ತು, ತಣ್ಣಗಾಗಿತ್ತು. ಕಾಟಿ ಒಂದು ಹೆಜ್ಜೆ ಮುಂದಿಟ್ಟಿತು. ನನಗೆ ಅಳು ಒತ್ತರಿಸಿಕೊಂಡು ಬಂತು.

"ಅಜ್ಜೀ, ನಾನು! ಒದ್ದೆ ಕೈ ಹಾಕಿದ್ದು ನಾನು, ಅಮ್ಮ ಅಲ್ಲ. ಶಾಲೆಯಿಂದ ಬಂದು ದಿನಾ ತಿಂತಿದ್ದೆ."

"ಮೆಲ್ಲಗೆ!" ಎಂದು ಮಾವ ಹಲ್ಲು ಕಚ್ಚಿದ. ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡ. "ಅವ್ವಾ, ಅದೊಂದೇ ಅಲ್ಲ. ಗಿರಣಿಯಿಂದ ಬಂದು ಮುಖ ತೊಳ್ಕಂಡು ನಾನೂ ಒಂದೆರಡು ಸಲ..." ಮಾವನೂ ಸ್ಟೇರಿಂಗಿನ ಮೇಲೆ ಹಣೆಯಿಟ್ಟು, "ಸಂಕ್ರಾಂತಿಗೆ ಬಂದಿದ್ನಲ್ಲ ಅಮ್ಮಾ, ಆಗ ನಾನೂ ಎರಡು ತಿಂದೆ. ಕೈ ಒದ್ದೆ ಇತ್ತೋ ಏನೋ, ನೋಡ್ಕಳ್ಲಿಲ್ಲ" ಎಂದು ಅಜ್ಜಿಗೆ ಹೇಳಿದ.

ನಮ್ಮ ತಪ್ಪೊಪ್ಪಿಗೆಗೆ ಕಾಟಿ ಕಿವಿಗೊಟ್ಟ ಹಾಗೆ ಕಾಣಲಿಲ್ಲ. ಅದು ಇನ್ನಷ್ಟು ಹೊತ್ತು ನಿಂತು, ಬಾಲ ಬೀಸಿ, ತನಗೆ ಬೇಕೆನಿಸಿದಾಗ ರಸ್ತೆ ಇಳಿದು ಹೋಯಿತು. ಹಿಂಡೂ ಹಿಂದೆ ಹೋಯಿತು. ಮಾವ ಇಳಿದು ಹ್ಯಾಂಡ್ಲು ಹೊಡೆದ. ಅಷ್ಟರಲ್ಲಿ ಅಜ್ಜಿ ಒಮ್ಮೆ ಹಿಂದೆ ತಿರುಗಿ ಅಮ್ಮನನ್ನು ನೋಡಿದಳು. ಅಮ್ಮ ಹೊರಗೆ ನೋಡುತ್ತಿದ್ದಳು. ಅಜ್ಜಿಯನ್ನು ಬಿಟ್ಟರೆ ಜೀಪಿನಲ್ಲಿ ಕೂತ ನಾವೆಲ್ಲ ಕಳ್ಳರು. ಕದಿಯದೇ ಇದ್ದವಳು ಅಮ್ಮ ಒಬ್ಬಳೇ, ತಿಂಗಳಿಡೀ ಶಿಕ್ಷೆ ಉಂಡವಳೂ ಅವಳೇ. ಅಜ್ಜಿ ಮುಂದಕ್ಕೆ ತಿರುಗಿದಳು. ಮುಂದೆ ಎಷ್ಟು ಮಾವಿನ ಮರ ಸಿಕ್ಕಿದರೂ ನಿಲ್ಲಿಸು ಅನ್ನಲಿಲ್ಲ.

ಚಿಕ್ಕಜ್ಜಿ ಅಕ್ಕನನ್ನು ಕಂಡು ಅತ್ತು, ನಕ್ಕು, ಬಂದವರಿಗೆಲ್ಲ ಬೆಲ್ಲ ನೀರು ಕೊಟ್ಟು, ಹಿತ್ತಲಿಗೆ ಕರೆದೊಯ್ದಳು. ಮರ ಚಿಕ್ಕದು, ಆದರೆ ಗೊಂಚಲು ಗೊಂಚಲಾಗಿ ಬಿಟ್ಟಿತ್ತು. ಮಿಡಿ ನೆಲಕ್ಕೆ ಬೀಳಬಾರದು, ಬಿದ್ದರೆ ಏಟು ತಗಲಿ ಕೆಡುತ್ತದೆ. ಹಾಗಾಗಿ ಮಾವ ಮರ ಹತ್ತಿ, ತೊಟ್ಟಿನ ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದ. ಅಜ್ಜಿ ಮೊದಲ ಮಿಡಿಯ ತೊಟ್ಟು ಮುರಿದಳು. ಸೊನೆ ಚಿಮ್ಮಿತು. ನಾನು ಅವಳ ಪಕ್ಕದಲ್ಲೇ ಇದ್ದೆ, ನನ್ನ ಮೂಗಿಗೂ ಬಂತು. ಒಳ್ಳೆಯ ಮಾವಿನ ವಾಸನೆ. ಜೀರಿಗೆಯದ್ದಲ್ಲ, ಹತ್ತಿರಕ್ಕೂ ಇಲ್ಲ. ಹತ್ತು ಸಲ ಕದ್ದು ತಿಂದವಳಿಗೆ ಅಷ್ಟು ಗೊತ್ತಾಗುವುದಿಲ್ಲವೇ?

ಅಜ್ಜಿ ಬಹಳ ಹೊತ್ತು ಮೂಸಿದಳು. ಬೆಳಗಿನಿಂದ ಅಷ್ಟು ಮರಗಳನ್ನು ಒಂದೇ ಮಾತಿನಲ್ಲಿ ಫೇಲು ಮಾಡಿದವಳು ಈ ಸಲ ಬಾಯಿ ಬಿಡಲಿಲ್ಲ. ಆಮೇಲೆ ಮಿಡಿಯನ್ನು ಅಮ್ಮನ ಕಡೆ ಚಾಚಿದಳು. ಬೆಕ್ಕೂ ಇರಲಿಲ್ಲ, ಬಾನೆಟ್ಟೂ ಇರಲಿಲ್ಲ.

"ಮೂಸಿ ನೋಡೇ. ಅದೇ ಅಲ್ಲನೇ?"

ಅಮ್ಮ ಮಿಡಿ ತೆಗೆದುಕೊಂಡಳು. ಆ ಜಾಡಿಯನ್ನು ದಿನವೂ ಬಿಚ್ಚಿದವಳು ಅವಳು. ಮೂಸಿದಳು, ಕಣ್ಣು ತುಂಬಿ ಬಂತು.

"ಹೌದು ಅತ್ತೆ. ಅದೇ."

ಅಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ಇಬ್ಬರೂ ಮಿಡಿ ಆರಿಸಲು ಕೂತೆವು.

ಎರಡು ಬುಟ್ಟಿ ಮಿಡಿ ತುಂಬಿಕೊಂಡು ರಿಪ್ಪನ್‌ಪೇಟೆ ಮಾರ್ಗವಾಗಿ ವಾಪಸು ಬಂದೆವು. ದಾರಿಯಲ್ಲಿ ಅತ್ತೆ ಸೊಸೆ ಉಪ್ಪೆಷ್ಟು, ಸಾಸಿವೆ ಎಷ್ಟು ಎಂದು ಜೀಪಿನ ಸದ್ದಿನ ಮೇಲೆ ಕೂಗಿ ಮಾತಾಡಿದರು. ಮಾರನೆ ದಿನ ಉಪ್ಪಿನಲ್ಲಿ ಹಾಕಿದ್ದಾಯಿತು. ಈ ಸಲ ಅಜ್ಜಿ ಜಾಡಿಯನ್ನು ನನ್ನ ಕೈಗೆ ಎಟಕುವ ತಗ್ಗಿನ ಹಲಗೆಯ ಮೇಲಿಟ್ಟಳು. ಪಕ್ಕದಲ್ಲಿ ಗೋಡೆಗೊಂದು ಮೊಳೆ ಹೊಡೆಸಿ, ಹಳೇ ಸೀರೆಯ ಒಣ ತುಂಡೊಂದನ್ನು ನೇತುಹಾಕಿದಳು.

ಮಿಡಿ ಮುರುಟಿ, ಮಸಾಲೆ ಹಾಕಿ, ಜಾಡಿ ಬಿಚ್ಚುವ ದಿನ ಬಂತು. ನಾವೆಲ್ಲ ಊಟಕ್ಕೆ ಕೂತಿದ್ದೆವು. ನಾನು, ಅಪ್ಪ, ಮಿಡಿಯ ವಾಸನೆ ಹಿಡಿದವನ ಹಾಗೆ ಸರಿಯಾಗಿ ಅಂದೇ ಬಂದಿದ್ದ ಮಾವ. ಮೊದಲ ಮಿಡಿ ಯಾವಾಗಲೂ ಗಂಡಸರ ಎಲೆಗೆ. ಅಪ್ಪ ಎಲೆಯ ತುದಿಯನ್ನು ಖಾಲಿ ಮಾಡಿ ಕಾಯುತ್ತಿದ್ದ. ಅಜ್ಜಿ ಸೌಟು ಹಿಡಿದು ನಮ್ಮ ಮೂವರನ್ನೂ ದಾಟಿ ಹೋದಳು. ಬಡಿಸುತ್ತಿದ್ದ ಅಮ್ಮನನ್ನು ರಟ್ಟೆ ಹಿಡಿದು ಕೂರಿಸಿ, ಎಲೆ ಹಾಕಿ, ಮೊದಲ ಮಿಡಿಯನ್ನು ಅವಳಿಗೆ ಬಡಿಸಿದಳು.

"ಕದೀದೇ ಇದ್ದೋಳು ಮೊದ್ಲು ತಿನ್ಲಿ" ಅಂದಳು. "ಕಳ್ರು ಆಮೇಲೆ."