ಜೀಪಮ್ಮ ಸ್ಟೀರಿಂಗ್ ಬಾಕ್ಸ್ ಬಿಚ್ಚಿದ್ದು

ಜೀಪಮ್ಮನಿಗೆ ಕಣ್ಣು ಕಾಣುವುದಿಲ್ಲ ಎಂಬ ಸುದ್ದಿ ಊರಿಗೆಲ್ಲ ಮೊದಲು ಗೊತ್ತಾಗಿ, ಅವಳಿಗೆ ಕೊನೆಯಲ್ಲಿ ಗೊತ್ತಾಯಿತು. ಆದದ್ದು ಇಷ್ಟೇ. ಗುಡ್ಡದ ಮೇಲಿನ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಕೊಟ್ಟು ಖಾಲಿ ಸಿಲಿಂಡರ್‌ಗಳನ್ನು ತುಂಬಿಕೊಂಡು ಇಳಿಯುತ್ತಿದ್ದಾಗ, ತಿರುವಿನಲ್ಲಿ ಅವಳ ಜೀಪು ತಿರುಗದೆ ನೆಟ್ಟಗೆ ಹೋಗಿ ಟೈಲರ್ ಮನೆಯ ಕಾಂಪೌಂಡಿನ ಮೂಲೆಯನ್ನು ಕೆಡವಿತು. ಯಾರಿಗೂ ಪೆಟ್ಟಾಗಲಿಲ್ಲ. ಇಟ್ಟಿಗೆ ಸಿಮೆಂಟು ತಂದು ಅವಳೇ ಗೋಡೆ ಕಟ್ಟಿಸಿಕೊಟ್ಟಳು. ಆದರೆ ಕಿಟಕಿಯ ಪಕ್ಕ ಕೂತು ಹೊಲಿಯುವ ಟೈಲರ್, ಬಟ್ಟೆ ಕೊಡಲು ಬಂದವರಿಗೆಲ್ಲ ಅಳತೆ ತೆಗೆಯುತ್ತಲೇ ಕಥೆ ಹೇಳಿದ: "ಪಾಪ, ವಯಸ್ಸಾಯ್ತು. ಎದುರಿಗಿರೋ ಗೋಡೇನೇ ಕಾಣ್ಲಿಲ್ಲ."

"ಸ್ಟೀರಿಂಗ್ ತಿರುಗಿಸ್ದೆ, ಚಕ್ರ ತಿರುಗ್ಲಿಲ್ಲ" ಎಂದು ಜೀಪಮ್ಮ ಎಷ್ಟು ಸಲ ಹೇಳಿದರೂ ಕೇಳುವ ಕಿವಿಯಿರಲಿಲ್ಲ. ಗ್ಯಾರೇಜಿನವನು ಬಾನೆಟ್ಟನ್ನೂ ಎತ್ತಲಿಲ್ಲ. ಹೊರಗೆ ನಿಂತುಕೊಂಡೇ ಸ್ಟೀರಿಂಗನ್ನು ಎರಡು ಸಲ ಅಲ್ಲಾಡಿಸಿ, "ಗಾಡಿ ಸರಿಯಾಗೇ ಇದೆ ಅಮ್ಮ, ನೀವೊಂದ್ಸಲ ಕಣ್ಣು ತೋರಿಸ್ಕೊಳ್ಳಿ" ಎಂದ. ಪಕ್ಕದಲ್ಲಿದ್ದ ಅಳಿಯ, "ಕಣ್ಣೇನೋ ಸರಿ ಇರಬಹುದು, ವಯಸ್ಸಾಯ್ತಲ್ಲ ಅತ್ತೆ" ಎಂದ. ಒಬ್ಬ ಕಣ್ಣು ಅಂದ, ಇನ್ನೊಬ್ಬ ವಯಸ್ಸು ಅಂದ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು.

ಮಗಳು ಜೀಪಿನ ಕೀಲಿ ತೆಗೆದುಕೊಂಡು ಹೋದಳು. "ನಿನ್ನ ಒಳ್ಳೇದಕ್ಕೇ ಅಮ್ಮ" ಎಂದಳು. ಈ ಲೋಕದಲ್ಲಿ ಮುದುಕಿಯರ ಕೈಯಿಂದ ಏನನ್ನು ಕಿತ್ತುಕೊಂಡರೂ ಅದು ಅವರ ಒಳ್ಳೆಯದಕ್ಕೇ. ಗ್ಯಾಸ್ ಏಜೆನ್ಸಿಯವರು ಬೇರೆ ಡ್ರೈವರನ್ನು ಹುಡುಕುತ್ತಿದ್ದಾರೆ ಎಂದು ನಾದಿನಿ ಕೇಳಿಕೊಂಡು ಬಂದಳು. ಗುಡ್ಡದ ದಾರಿ ಎಂದರೆ ದಾರಿಯಲ್ಲ, ಕಲ್ಲು ಮತ್ತು ಕೊರಕಲು. ನಾಲ್ಕೂ ಚಕ್ರಕ್ಕೆ ಬಲವಿರುವ ಗಾಡಿ ಬಿಟ್ಟು ಬೇರೇನೂ ಹತ್ತುವುದಿಲ್ಲ. ಗಂಡ ತೀರಿಕೊಂಡ ಮೇಲೆ ಜೀಪಮ್ಮ ಆ ದಾರಿಯಲ್ಲೇ ಬದುಕು ಕಟ್ಟಿಕೊಂಡವಳು. ಈ ಮಗಳು ಹಾಲು ಕುಡಿದದ್ದು, ಅಕ್ಷರ ಕಲಿತದ್ದು, ಜ್ವರ ಬಂದಾಗ ಮಲಗಿದ್ದು ಎಲ್ಲವೂ ಆ ಜೀಪಿನ ಮುಂದಿನ ಸೀಟಿನಲ್ಲೇ. ಈಗ ಅದೇ ಮಗಳ ಸೊಂಟದಲ್ಲಿ ಕೀಲಿ ನೇತಾಡುತ್ತಿತ್ತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ ಅಂತ ಅಳಿಯಂದ್ರು ಗ್ಯಾರೇಜಲ್ಲಿ ನಗ್ತಿದ್ರಂತೆ ಅತ್ತಿಗೆ" ಎಂದು ನಾದಿನಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು. ನಾದಿನಿ ಎಂದರೆ ಗಂಡನ ತಂಗಿ, ಮದುವೆಯಾಗದೆ ಇವಳ ಜತೆಗೇ ಉಳಿದವಳು. ಸ್ಪ್ಯಾನರ್ ಹಿಡಿಯಲು ಬಾರದಿದ್ದರೂ ಸುದ್ದಿ ಹಿಡಿಯುವುದರಲ್ಲಿ ಎತ್ತಿದ ಕೈ.

"ನೆಲ ಡೊಂಕೇ ಇದ್ರೆ?" ಎಂದಳು ಜೀಪಮ್ಮ. "ಬಾ, ನೆಲಾನೇ ಕಿತ್ತು ನೋಡೋಣ."

ಗುಜರಿ ಅಂಗಡಿಯಲ್ಲಿ ಅದೇ ಮಾದರಿಯ ಗಾಡಿಯಿಂದ ಬಿಚ್ಚಿದ, ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಪವರ್ ಸ್ಟೀರಿಂಗ್ ಬಾಕ್ಸ್ ಸಿಕ್ಕಿತು. ಅವಳು ಅದರ ದಂಡವನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ, ಎಲ್ಲೂ ಕಚ್ಚುವುದಿಲ್ಲ, ಸಡಿಲವೂ ಇಲ್ಲ ಎಂದು ಕೈಯಿಂದಲೇ ತಿಳಿದುಕೊಂಡು ತಂದಳು. ಮನೆಯ ಮುಂದಿನ ಸಿಮೆಂಟು ಅಂಗಳದಲ್ಲಿ ಜೀಪಿನ ಮೂತಿಯನ್ನು ಜಾಕ್ ಕೊಟ್ಟು ಎತ್ತಿ, ಗಾಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಕೆಳಗೆ ಮರದ ದಿಮ್ಮಿಗಳನ್ನು ಇಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಒಡ್ಡಿದಳು. ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿ, ಸ್ಟೀರಿಂಗ್ ಚಕ್ರ ಅಲ್ಲಾಡದ ಹಾಗೆ ಹಳೆಯ ಸೀರೆಯ ಅಂಚಿನಿಂದ ಸೀಟಿಗೆ ಕಟ್ಟಿದಳು.

"ಇದನ್ನ ಯಾಕೆ ಕಟ್ಟೋದು? ಓಡಿ ಹೋಗುತ್ತಾ?" ಎಂದು ನಾದಿನಿ ಕೇಳಿದಳು.

"ಬಾಕ್ಸ್ ಬಿಚ್ಚಿದ ಮೇಲೆ ಇದು ಸುಮ್ನೆ ತಿರುಗಿದ್ರೆ ಒಳಗಿರೋ ವೈರು ಹರಿಯುತ್ತೆ. ಮಧ್ಯವೂ ತಪ್ಪುತ್ತೆ. ಆಮೇಲೆ ಜೀಪು ಎಡಕ್ಕೆ ಪೂರ್ತಿ, ಬಲಕ್ಕೆ ಅರ್ಧ ತಿರುಗುತ್ತೆ. ಆಗ ಅಳಿಯಂದ್ರು ಇನ್ನೂ ಚೆನ್ನಾಗಿ ನಗ್ತಾರೆ."

ಬಾಕ್ಸಿನ ಎರಡು ಪೈಪುಗಳನ್ನು ಬಿಚ್ಚಿದಾಗ ಬಟ್ಟೆ ಒಗೆಯುವ ಬೇಸಿನ್ನಿಗೆ ಎಣ್ಣೆ ಸುರಿಯಿತು, ಅರ್ಧ ನಾದಿನಿಯ ಸೀರೆಗೂ ಬಿತ್ತು. ಬಾಕ್ಸಿನ ಕೆಳಗೆ ಚಕ್ರಗಳನ್ನು ತಿರುಗಿಸುವ ತೋಳು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಎಳೆದು ಕಳಚುವ ಪುಲ್ಲರ್ ಹಾಕಿ, ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಇಬ್ಬರೂ ಜೋತುಬಿದ್ದರು. ಢಮ್ ಎಂದು ಸದ್ದಾಗಿ ತೋಳು ಕಳಚಿಕೊಂಡಿತು. "ಸತ್ತೇ!" ಎಂದು ನಾದಿನಿ ಕಿರುಚಿದಳು. ಏನೂ ಆಗಿರಲಿಲ್ಲ, ಭಯಕ್ಕೆ ಕಿರುಚಿದ್ದು.

ಇನ್ನು ಉಳಿದದ್ದು ಬಾಕ್ಸನ್ನು ಚಾಸಿಗೆ ಹಿಡಿದಿದ್ದ ನಾಲ್ಕು ಬೋಲ್ಟುಗಳು. ಮೂರು ಬಂದವು. ನಾಲ್ಕನೆಯದನ್ನು ತಿರುಗಿಸಿದರೆ ಬೋಲ್ಟಿನ ಜತೆ ಕಬ್ಬಿಣವೂ ಅಲ್ಲಾಡಿತು. ಜೀಪಮ್ಮ ಅದನ್ನೂ ಹೇಗೋ ಬಿಚ್ಚಿ ಬಾಕ್ಸನ್ನು ಇಳಿಸಿ, ಬೆನ್ನ ಮೇಲೆ ಮಲಗಿ, ಟಾರ್ಚ್ ಬಿಟ್ಟು ನೋಡಿದಳು. ಬಾಕ್ಸ್ ಕೂರುವ ಜಾಗದಲ್ಲಿ ಚಾಸಿ ಸೀಳಿತ್ತು. ಸೀಳಿನ ಮೇಲೆ ಯಾರೋ ಅಡ್ಡಾದಿಡ್ಡಿ ವೆಲ್ಡಿಂಗ್ ಮಾಡಿದ್ದರು. ಆ ವೆಲ್ಡಿಂಗೂ ಮತ್ತೆ ಬಿಟ್ಟುಕೊಂಡಿತ್ತು. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಚಕ್ರದ ಬದಲು ಬಾಕ್ಸೇ ವಾಲುತ್ತಿತ್ತು.

ಅವಳ ಕಣ್ಣು ನಿಂತದ್ದು ಸೀಳಿನ ಮೇಲಲ್ಲ, ಬಣ್ಣದ ಮೇಲೆ. ವೆಲ್ಡಿಂಗ್ ಮುಚ್ಚಲು ಗೇಣಗಲ ಮಿರಮಿರ ಮಿಂಚುವ ಕಪ್ಪು ಬಣ್ಣ ಬಳಿದಿದ್ದರು. ಚಾಸಿ ಎಂದರೆ ಕಪ್ಪೇ ಇರುತ್ತದೆ ಎಂದು ಅದನ್ನು ಬಳಿದವರು ತಿಳಿದಿದ್ದರು. ಎಲ್ಲ ಗಾಡಿಗೂ ಕಪ್ಪೇ. ಆದರೆ ಜೀಪಮ್ಮ ಪ್ರತಿ ಬೇಸಿಗೆಯಲ್ಲೂ ಕೆಳಗೆ ನುಸುಳಿ ತುಕ್ಕು ಕೆರೆದು, ಮನೆಯ ಗೇಟಿಗೆ ಹಚ್ಚಿ ಉಳಿದ ಹಸಿರು ಬಣ್ಣವನ್ನು ಆ ಚಾಸಿಗೆ ಬಳಿಯುತ್ತಿದ್ದಳು. ಗೇಟೂ ಹಸಿರು, ಚಾಸಿಯೂ ಹಸಿರು. ಅದನ್ನು ತಿಳಿಯಲು ಒಂದು ಸಲವಾದರೂ ಬಗ್ಗಿ ನೋಡಬೇಕಿತ್ತು.

ಗೋಡೆಗೆ ಹೊಡೆಯುವ ಮೊದಲು ಅವಳು ಜ್ವರದಿಂದ ಹಾಸಿಗೆ ಹಿಡಿದಿದ್ದಾಗ ಜೀಪು ಇದ್ದದ್ದು ಅಳಿಯನ ಬಳಿ. ಫೋನ್ ಅಂಗಡಿ ಇಟ್ಟಿರುವ ಅಳಿಯನಿಗೆ ರಜೆ ಬಂದರೆ ಗೆಳೆಯರ ಜತೆ ಸೇರಿ ಬಂಡೆ ಮೇಲೆ, ಕೆಸರಿನಲ್ಲಿ ಗಾಡಿ ಹಾರಿಸುವ ಹುಚ್ಚು. ಆ ಗೆಳೆಯರಲ್ಲಿ ಗ್ಯಾರೇಜಿನವನೂ ಒಬ್ಬ. ಜೀಪಮ್ಮ ಗಾಡಿಯ ಕೆಳಗೇ ಮಲಗಿ ಎರಡನ್ನೂ ಕೂಡಿಸಿದಳು. ಮೈಯೆಲ್ಲ ಉರಿದುಹೋಯಿತು.

ಸದ್ದು ಕೇಳಿ ಪಕ್ಕದ ಬೀದಿಯಿಂದ ಮಗಳು ಓಡಿಬಂದಳು. "ಅಮ್ಮ! ಈ ವಯಸ್ಸಲ್ಲಿ ಕೆಳಗೆ ನುಸುಳಿದ್ದೀಯಲ್ಲ, ಮೇಲೆ ಬಿದ್ರೆ?"

"ಬಾ, ಬಗ್ಗು. ಇಲ್ಲಿ ನೋಡು."

ಮಗಳು ಬಗ್ಗಿದಳು. ಕಪ್ಪು ಬಣ್ಣ ನೋಡಿ ಅವಳು ಬೆಚ್ಚಬೇಕಿತ್ತು, ಯಾರು ಮಾಡಿದ್ದು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಸುಮ್ಮನೆ ಎದ್ದು ನಿಂತು ಸೆರಗಿನಿಂದ ಕೈ ಒರೆಸಿಕೊಂಡಳು. ಕೈಗೆ ಏನೂ ಅಂಟಿರಲಿಲ್ಲ.

"ನಿನಗೆ ಗೊತ್ತಿತ್ತು" ಎಂದಳು ಜೀಪಮ್ಮ.

"ರಿಪೇರಿ ಆಗಿದೆ ಅಂದಿದ್ರು ಅಮ್ಮ. ಗೋಡೆಗೆ ಹೊಡೆದ ಮೇಲೆ... ಹೇಳಿದ್ರೆ ಅವರಿಗೆ ಅವಮಾನ ಆಗುತ್ತೆ ಅಂತ..."

"ನನಗೆ ಆಗಲ್ವಾ?"

ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ತಿರುವಿನಲ್ಲಿ ಗೋಡೆ ಇತ್ತು, ಸರಿಹೋಯ್ತು. ಅದರ ಹಿಂದಿನ ತಿರುವಿನಲ್ಲಿ ಕಂದಕ ಇದೆ. ಅಲ್ಲಿ ಬಿಟ್ಕೊಂಡಿದ್ರೆ, ಪಾಪ ಮುದುಕಿಗೆ ಕಣ್ಣು ಕಾಣ್ಲಿಲ್ಲ ಅಂತ ನೀವಿಬ್ರೂ ಅಳ್ತಿದ್ರಿ, ಅಲ್ವಾ?"

ಮಗಳು ನಿಂತಲ್ಲೇ ಅಳತೊಡಗಿದಳು. ಸೊಂಟದಿಂದ ಕೀಲಿ ತೆಗೆದು ಚಾಚಿದಳು. "ತಗೋ ಅಮ್ಮ. ಸರಿಯಾಗಿ ವೆಲ್ಡಿಂಗ್ ಮಾಡ್ಸು, ನೀನೇ ಓಡ್ಸು. ಆದ್ರೆ ಈ ವಿಷಯ ಮನೆಯಲ್ಲೇ ಇರಲಿ. ಹೊರಗೆ ಬೇಡ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ. ಹಾಳು ಉಪಾಯ! ಅವಳ ಮರ್ಯಾದೆ ಹೋದದ್ದು ಬೀದಿಯಲ್ಲಿ, ಅದನ್ನು ಅಡುಗೆಮನೆಯಲ್ಲಿ ಗುಟ್ಟಾಗಿ ಹಿಂದಕ್ಕೆ ಕೊಡುತ್ತಾರಂತೆ.

"ಕೀಲಿ ಅಲ್ಲೇ ಇಡು" ಎಂದಳು ಜೀಪಮ್ಮ. "ನಿನ್ನ ಗಂಡನ್ನ ಕಳಿಸು. ಗಾಡಿ ರೆಡಿ ಆದ ದಿನ ನನ್ನ ಜತೆ ಗುಡ್ಡ ಹತ್ತಬೇಕು. ಮನೆಮನೆ ಮುಂದೆ ನಿಂತು ನಡೆದದ್ದನ್ನ ತಮ್ಮ ಬಾಯಿಂದಲೇ ಹೇಳಬೇಕು. ಇಲ್ಲದಿದ್ರೆ ಈ ಹಳೇ ಬಾಕ್ಸನ್ನ ಹೊತ್ಕೊಂಡು ನಾನೇ ಹೋಗ್ತೀನಿ."

"ನಾನೂ ಹೋಗ್ತೀನಿ" ಎಂದಳು ನಾದಿನಿ. ಅವಳನ್ನು ಯಾರೂ ಕರೆದಿರಲಿಲ್ಲ. ಆದರೆ ಅವಳು ಹೋದರೆ ಊರಲ್ಲಿ ಸುದ್ದಿ ಮುಟ್ಟದ ಮನೆ ಒಂದೂ ಉಳಿಯುವುದಿಲ್ಲ ಎಂಬುದು ಮಗಳಿಗೆ ಚೆನ್ನಾಗಿ ಗೊತ್ತಿತ್ತು.

ಗೇಟು ಮಾಡುವ ವೆಲ್ಡರ್ ಮನೆಗೇ ಬಂದು ಹಳೆಯ ಸೀಳನ್ನು ಉಜ್ಜಿ, ದಪ್ಪ ತಗಡು ಇಟ್ಟು ಸುತ್ತಲೂ ಬೆಸೆದ. ಜೀಪಮ್ಮ ಗುಜರಿಯಿಂದ ತಂದ ಬಾಕ್ಸಿನ ದಂಡವನ್ನು ಸರಿಯಾಗಿ ಮಧ್ಯಕ್ಕೆ ತಂದು ಕೂರಿಸಿ, ಎಣ್ಣೆ ತುಂಬಿ, ಚಕ್ರಗಳು ಗಾಳಿಯಲ್ಲಿರುವಾಗಲೇ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ ಒಳಗಿನ ಗಾಳಿ ಹೊರಡಿಸಿದಳು. ಎಣ್ಣೆಯ ಗುಳ್ಳೆ ನಿಂತ ಮೇಲೆ ಎಂಜಿನ್ ಹಚ್ಚಿದಳು. ಒಂದು ಬೆರಳು ತಾಗಿಸಿದರೆ ಸಾಕು, ಚಕ್ರ ಮಾತು ಕೇಳುತ್ತಿತ್ತು. ಸಂತೋಷವಾಯಿತು, ಕೋಪ ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ಅಳಿಯ ಬಂದ. ಮುಖ ಬಾಡಿತ್ತು. ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಹೊರಗೆ ನೋಡಿದ. ಮೊದಲನೆಯದು ಟೈಲರ್ ಮನೆ. ಟೈಲರ್ ಗ್ಯಾಸ್ ಮುಗಿದು, ಖಾಲಿ ಸಿಲಿಂಡರನ್ನು ಬಾಗಿಲಲ್ಲಿಟ್ಟುಕೊಂಡು ಕಾಯುತ್ತಿದ್ದ. ಅಳಿಯ ತುಂಬಿದ ಸಿಲಿಂಡರನ್ನು ಇಳಿಸಿ, ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಬಂಡೆಗೆ ಹೊಡೆದದ್ದು, ಕದ್ದುಮುಚ್ಚಿ ವೆಲ್ಡಿಂಗ್ ಮಾಡಿಸಿದ್ದು, ಬಣ್ಣ ಬಳಿದು ಬಾಯಿ ಮುಚ್ಚಿಕೊಂಡಿದ್ದು, ಒಂದನ್ನೂ ಬಿಡಲಿಲ್ಲ.

ಟೈಲರ್ ಅವನ ಭುಜ ತಟ್ಟಿದ. "ಅಯ್ಯೋ, ಆಗುತ್ತೆ ಬಿಡಪ್ಪ! ವಯಸ್ಸಿನ ಹುಡುಗರು, ಗಾಡಿ ಸ್ವಲ್ಪ ಜೋರಾಗಿ ಓಡಿಸ್ತೀರಿ. ಬಂದು ಒಪ್ಕೊಂಡೆಯಲ್ಲ, ಈ ಗುಣ ಎಷ್ಟು ಜನಕ್ಕಿದೆ? ಜೀಪಮ್ಮ, ಬಂಗಾರದಂಥ ಅಳಿಯ ಕಣ್ರಿ ನಿಮಗೆ."

ಅಳಿಯನ ಮುಖ ಅರಳಿತು. ಬೆನ್ನು ನೆಟ್ಟಗಾಯಿತು. ಜೀಪಮ್ಮ ಕೆಳಗಿಳಿದಳು.

"ನನ್ನ ಬಗ್ಗೆ ಏನ್ ಹೇಳ್ತೀರಿ?"

"ನಿಮ್ಮ ಬಗ್ಗೆ ಏನಿದೆ ಅಮ್ಮ?"

"ಕಣ್ಣು ಕಾಣಲ್ಲ ಅಂತ ಊರಿಗೆಲ್ಲ ಹೇಳಿದ್ರಲ್ಲ."

"ಅದನ್ನ ಈಗ ಯಾರು ನೆನಪಿಟ್ಕೋತಾರೆ, ಬಿಡಿ" ಎಂದು ಟೈಲರ್ ನಕ್ಕ. "ಆದ್ರೂ ಈ ವಯಸ್ಸಲ್ಲಿ ಸ್ವಲ್ಪ ಹುಷಾರಾಗಿರೋದು ಒಳ್ಳೇದೇ."

ಜೀಪಮ್ಮ ಅವನನ್ನು ನೋಡಿದಳು, ಅಳಿಯನನ್ನು ನೋಡಿದಳು. ಗಾಡಿ ಮುರಿದು ಮುಚ್ಚಿಟ್ಟವನು ಬಂಗಾರ. ಮುರಿದ ಗಾಡಿಯನ್ನು ಯಾರಿಗೂ ಪೆಟ್ಟಾಗದ ಹಾಗೆ ಗೋಡೆಯ ಮೂಲೆಗೇ ನಿಲ್ಲಿಸಿದವಳು ಹುಷಾರಾಗಿರಬೇಕು.

"ಅಳಿಯಂದ್ರೇ, ಆ ಸಿಲಿಂಡರನ್ನ ವಾಪಸ್ ಗಾಡಿಗೆ ಹಾಕಿ" ಎಂದಳು.

"ಅತ್ತೆ, ಇವರ ಮನೇಲಿ ಗ್ಯಾಸ್ ಮುಗಿದಿದೆ..."

"ಹಾಕಿ ಅಂದೆ. ನೀವು ಹಿಂದುಗಡೆ ಕೂತು ಅದನ್ನ ಹಿಡ್ಕೊಳ್ಳಿ." ಆಮೇಲೆ ಟೈಲರ್ ಕಡೆ ತಿರುಗಿದಳು. "ನೀವು ಏಜೆನ್ಸಿಗೇ ಹೋಗಿ ಹೊತ್ಕೊಂಡು ಬನ್ನಿ ಸ್ವಾಮಿ. ನನಗೆ ಕಣ್ಣು ಕಾಣಲ್ಲ. ನಿಮ್ಮ ಮನೆ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ."

ತುಂಬಿದ ಸಿಲಿಂಡರ್ ಮತ್ತೆ ಜೀಪು ಹತ್ತಿತು. ಟೈಲರ್ ಖಾಲಿ ಸಿಲಿಂಡರ್ ಪಕ್ಕ ಬಾಯಿ ತೆರೆದುಕೊಂಡು ನಿಂತಿದ್ದಂತೆಯೇ, ಜೀಪಮ್ಮ ಅವನ ಗೋಡೆಯ ಮೂಲೆಗೆ ಒಂದು ಗೇಣು ಬಿಟ್ಟು ತಿರುವಿನಲ್ಲಿ ಜೀಪು ತಿರುಗಿಸಿಕೊಂಡು ಮುಂದಿನ ಮನೆಗೆ ಹೋದಳು.