ಕೈಯಾರೆ ಕೊಟ್ಟದ್ದು

ಕನ್ನಡಕದಂಗಡಿಯ ಯಜಮಾನ ತೀರಿಕೊಂಡು ಮನೆಯವರ ಕಣ್ಣೀರು ಇನ್ನೂ ಆರಿರಲಿಲ್ಲ, ಅವನ ತಮ್ಮ ಕೋರ್ಟಿನ ಮೆಟ್ಟಿಲು ಹತ್ತಿದ. ಮನೆಯವರು ಅಂದರೆ ಇನ್ಯಾರು, ಮಗಳೊಬ್ಬಳೇ. ಬೀದಿಗೆಲ್ಲ ಅವಳು ಕನ್ನಡಕದಕ್ಕ. ಅವಳಿಗಿಂತ ಹಿರಿಯರಿಗೂ ಅಕ್ಕನೇ. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ, ನಡುವೆ ಒಂದು ಪರದೆ. ಪರದೆಯ ಈಚೆ ಗಾಜು ಉಜ್ಜುವ ಚಕ್ರದ ಮುಂದೆ ಕೂತು ಅಪ್ಪ ಕಲಿಸಿದ ಕೆಲಸ ಮಾಡುತ್ತಲೇ ಅವಳ ತಲೆಯಲ್ಲಿ ಬಿಳಿಕೂದಲು ಮೂಡಿತ್ತು. ಮದುವೆಯಾಗಲಿಲ್ಲ. ನೋಡಲು ಬಂದವರೆಲ್ಲ ಪುಕ್ಕಟೆಯಾಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಹೋದರೇ ಹೊರತು ತಿರುಗಿ ಬರಲಿಲ್ಲ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಚಿಕ್ಕಪ್ಪನ ದಾವೆಯ ಸಾರ ಇಷ್ಟು: ಅಣ್ಣನಿಗೆ ಮಕ್ಕಳಿರಲಿಲ್ಲ; ಇವಳು ಅತ್ತಿಗೆಯ ತಂಗಿಯ ಮಗಳು; ಪಾಪ ಎಂದು ಸಾಕಿಕೊಂಡಿದ್ದರು ಅಷ್ಟೆ, ದತ್ತು ಅಂತ ಆಗಿಯೇ ಇಲ್ಲ; ಆದ್ದರಿಂದ ಮನೆ, ಅಂಗಡಿ ಎರಡೂ ತಮ್ಮನಾದ ತನಗೆ ಸೇರಬೇಕು. ಅವಳೇ ಗಾಜು ಉಜ್ಜಿ ಕೂರಿಸಿಕೊಟ್ಟ ಕನ್ನಡಕ ಹಾಕಿಕೊಂಡೇ ಆ ಮಹಾರಾಯ ಅದಕ್ಕೆ ಸಹಿ ಮಾಡಿದ್ದ. ಅಕ್ಷರವೇನೋ ಸ್ಪಷ್ಟವಾಗಿ ಕಂಡಿರಬೇಕು.

ಅಂಗಡಿ ಹೋದರೆ ಹೊಟ್ಟೆಪಾಡು ಹೋಗುತ್ತದೆ, ಅದು ನಿಜ. ಆದರೆ ಕನ್ನಡಕದಕ್ಕನ ಎದೆಗೆ ನಾಟಿದ್ದು ಆ 'ಸಾಕಿಕೊಂಡಿದ್ದರು' ಎಂಬ ಮಾತು. ಕೊನೆಗಾಲದಲ್ಲಿ ಅಪ್ಪನಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಬಾಯಿ ಒರೆಸಿದವಳು ಅವಳು. ಆ ಅಪ್ಪನಿಗೆ ನೀನು ಯಾರೂ ಅಲ್ಲ ಅಂದುಬಿಟ್ಟರೆ ಇನ್ನು ಅವಳು ಯಾರ ಮಗಳು?

ಲಾಯರಮ್ಮ ಶಾಲೆಯ ದಾಖಲೆ ನೋಡಿದರು, ರೇಷನ್ ಕಾರ್ಡು ನೋಡಿದರು, ಎಲ್ಲದರಲ್ಲೂ ತಂದೆಯ ಹೆಸರಿನ ಜಾಗದಲ್ಲಿ ಅಪ್ಪನ ಹೆಸರೇ ಇತ್ತು. ಬೆಂಬಲಕ್ಕೆ ಇವೆಲ್ಲ ಆದೀತು, ಆದರೆ ಇವುಗಳಿಂದಲೇ ದತ್ತು ನಿಲ್ಲುವುದಿಲ್ಲ ಎಂದರು. ನೋಂದಣಿಯಾದ ಪತ್ರವಿಲ್ಲ. ಹಾಗಿದ್ದ ಮೇಲೆ ಹಿಂದೂ ದತ್ತಕ ಕಾನೂನು ಕೇಳುವುದು ಒಂದೇ: ಮಗುವನ್ನು ಕೊಟ್ಟದ್ದು, ತೆಗೆದುಕೊಂಡದ್ದು, ಕೈಯಿಂದ ಕೈಗೆ. ಹೆತ್ತ ತಂದೆಯೇ ಕೊಟ್ಟರೂ ತಾಯಿಯ ಒಪ್ಪಿಗೆ ಇರಲೇಬೇಕು.

"ಅವತ್ತು ಅಲ್ಲಿದ್ದೋರು ಯಾರಾದ್ರೂ ಬದುಕಿದ್ದಾರಾ?" ಎಂದು ಕೇಳಿದರು.

ಬದುಕಿದ್ದವಳು ಒಬ್ಬಳೇ, ಚಿಕ್ಕಮ್ಮ. ಹೆತ್ತವಳು ಅವಳೇ. ಆದರೆ ಅವಳನ್ನು ಅಮ್ಮ ಎಂದು ಕರೆದು ಕನ್ನಡಕದಕ್ಕನಿಗೆ ಅಭ್ಯಾಸವಿಲ್ಲ. ಅಮ್ಮ ಎಂದರೆ ಸಾಕಿದ ಅಮ್ಮ, ತೀರಿಹೋದವಳು. ಇವಳು ಚಿಕ್ಕಮ್ಮನೇ.

ಕನ್ನಡಕದಕ್ಕ ತಡವರಿಸಿದಳು. ಚಿಕ್ಕಮ್ಮ ಸಾಕ್ಷಿ ಹೇಳಿದರೆ ಕೇಸು ಮುಳುಗುತ್ತದೆ ಎಂದು ಹೇಗೆ ಹೇಳುವುದು? ಆದರೂ ಹೇಳಿದಳು. ಚಿಕ್ಕಮ್ಮ ಆಗಾಗ ಕಣ್ಣು ತೋರಿಸುವ ನೆಪ ಮಾಡಿಕೊಂಡು ಬರುತ್ತಿದ್ದಳು. ಚಿಕ್ಕವಳಿದ್ದಾಗ ಇವಳ ಜಡೆ ಹಾಕುತ್ತ, ದೊಡ್ಡವಳಾದ ಮೇಲೆ ಬಸ್ಸು ಹತ್ತುವ ಮುಂಚೆ ಕೈ ಹಿಡಿದುಕೊಂಡು, ಪ್ರತಿ ಸಲವೂ ಅದೇ ಮಾತು ಪಿಸುಗುಡುತ್ತಿದ್ದಳು: ನಾನು ನಿನ್ನ ಕೊಡಲಿಲ್ಲ ಕಣೆ, ಜ್ವರ ಬಂದು ಮಲಗಿದ್ದೆ, ನನಗೆ ಗೊತ್ತಿಲ್ಲದೇ ನಮ್ಮನೆಯವರು ಎತ್ತಿಕೊಂಡು ಹೋಗಿ ಕೊಟ್ಟುಬಿಟ್ಟರು. ಅಮ್ಮ ಬೈದ ದಿನ, ಶಾಲೆಯಲ್ಲಿ ಯಾರೋ 'ಬೇಡದ ಕೂಸು' ಎಂದು ಅಣಕಿಸಿದ ದಿನ, ಕನ್ನಡಕದಕ್ಕ ಆ ಮಾತನ್ನು ಹೊದ್ದುಕೊಂಡು ಮಲಗಿದ್ದಳು. ತನ್ನನ್ನು ಹೆತ್ತವಳು ಬಿಟ್ಟುಕೊಟ್ಟಿರಲಿಲ್ಲ, ಕಸಿದುಕೊಂಡಿದ್ದರು. ಅಷ್ಟು ಸಾಕಾಗಿತ್ತು.

ಲಾಯರಮ್ಮ ಪೆನ್ನು ಕೆಳಗಿಟ್ಟರು. "ಅದು ನಿಜ ಆದ್ರೆ ದತ್ತು ಬಿದ್ದುಹೋಯ್ತು ಅಂತಲೇ ಲೆಕ್ಕ. ಆದ್ರೂ ಅವರನ್ನ ಬಿಟ್ರೆ ನಮಗೆ ಬೇರೆ ಗತಿಯಿಲ್ಲ. ಹೋಗಿ ಕೇಳ್ಕೊಂಡು ಬನ್ನಿ."

ಹೋದಳು. ಕೇಳಲು ಮಾತ್ರ ಬಾಯಿ ಬರಲಿಲ್ಲ. ಸುಳ್ಳು ಹೇಳು ಎನ್ನುವುದು ಹೇಗೆ? ನಿಜ ಹೇಳು ಎಂದರೆ ಮನೆ ಹೋಗುತ್ತದೆ. ಕೋರ್ಟಿಗೆ ಬಂದು ನಡೆದದ್ದು ಹೇಳಬೇಕಂತೆ ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ಆಮೇಲೆ, ಯಾವತ್ತು ಬರಬೇಕು ಎಂದು ಕೇಳಿದಳು. ಬೇರೇನೂ ಕೇಳಲಿಲ್ಲ.

ಸಾಕ್ಷಿಯ ದಿನ ಚಿಕ್ಕಮ್ಮ ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಮಗುವನ್ನು ತಾನೇ ಒಪ್ಪಿ, ತನ್ನ ಕೈಯಿಂದಲೇ ಅಕ್ಕ ಭಾವನಿಗೆ ದತ್ತು ಕೊಟ್ಟೆ ಎಂದು ಲಾಯರಮ್ಮನ ಪ್ರಶ್ನೆಗೆ ನಡುಗದೆ ಉತ್ತರಿಸಿದಳು. ಹಿಂದಿನ ಬೆಂಚಿನಲ್ಲಿದ್ದ ಕನ್ನಡಕದಕ್ಕನ ಕಣ್ಣು ತುಂಬಿ ಬಂತು. ನನಗೋಸ್ಕರ ಸುಳ್ಳು ಹೇಳುತ್ತಿದ್ದಾಳೆ ಪಾಪ, ಈ ವಯಸ್ಸಿನಲ್ಲಿ, ಪ್ರಮಾಣ ಮಾಡಿ, ಎಂದುಕೊಂಡಳು. ಅದು ತಪ್ಪು ಎಂದು ಗೊತ್ತಿದ್ದೂ ಅವಳಿಗೆ ಒಳಗೊಳಗೇ ಸುಖವಾಯಿತು.

ಚಿಕ್ಕಪ್ಪನ ಕಡೆಯ ವಕೀಲ ಎದ್ದ. ಚಿಕ್ಕಪ್ಪ ಅವನ ಕಿವಿಗೆ ಎಲ್ಲ ಊದಿಟ್ಟಿದ್ದ. ಜ್ವರದಲ್ಲಿ ಮಲಗಿದ್ದಾಗ ಮಗುವನ್ನು ಎತ್ತಿಕೊಂಡು ಹೋದರು ಎಂದು ಈ ತಾಯಿ ನೆಂಟರ ಮುಂದೆಲ್ಲ ಹೇಳಿಕೊಂಡು ಬಂದಿಲ್ಲವೇ ಎಂದು ಕೇಳಿದ.

"ಹೇಳ್ತಿದ್ದೆ," ಎಂದಳು ಚಿಕ್ಕಮ್ಮ. "ಅದು ಸುಳ್ಳು. ನಂಗೆ ಜ್ವರ ಇರ್ಲಿಲ್ಲ."

ಹಾಗಾದರೆ ಈಗ ಹೇಳುತ್ತಿರುವುದೇ ಸುಳ್ಳು ಇರಬಹುದಲ್ಲ ಎಂದು ವಕೀಲ ನಕ್ಕ. ಅಷ್ಟು ಚೆನ್ನಾಗಿ ನೆನಪಿದ್ದರೆ ಅವತ್ತು ಏನಾಯಿತು ಹೇಳಿ ನೋಡೋಣ ಎಂದ.

ಚಿಕ್ಕಮ್ಮ ಎದುರಿಗಿದ್ದ ಗೋಡೆಯನ್ನು ನೋಡುತ್ತ ಹೇಳಿದಳು: "ಎರಡು ಹೆಣ್ಣಾಗಿತ್ತು, ಇದು ಮೂರನೇದು. ನಂಗೆ ಸಾಕಾಗಿತ್ತು ಸ್ವಾಮಿ. ನಮ್ಮನೆಯವರು ಬೇಡ ಅಂದ್ರು, ಇನ್ನೊಂದ್ಸಲ ಯೋಚನೆ ಮಾಡು ಅಂದ್ರು. ನಾನೇ ಹಟ ಹಿಡಿದು ಒಪ್ಪಿಸ್ದೆ. ಸ್ನಾನ ಮಾಡ್ಸಿ, ಬಟ್ಟೆ ಹಾಕಿ, ಅಕ್ಕ ಭಾವ ಇಬ್ಬರೂ ಕೂತಿದ್ರು, ಇನ್ಮೇಲೆ ಇದು ನಿಮ್ದು ಅಂತ ಹೇಳಿ ಭಾವನ ಕೈಗೆ ಕೊಟ್ಟೆ. ಮಗು ಅವರ ಕನ್ನಡಕ ಕಿತ್ಕೊಂಡು ಕಡ್ಡಿ ಬಗ್ಗಿಸಿಬಿಡ್ತು. ಎಡಗಡೇ ಕಡ್ಡಿ. ಎಲ್ರೂ ನಕ್ರು. ಬಿಗಿಯಾಗಿ ಹಿಡ್ಕೊಂಡಿತ್ತು, ಬಿಡ್ತಾನೇ ಇರ್ಲಿಲ್ಲ. ಬೆರಳೆಲ್ಲ ನಾನೇ ಬಿಡಿಸ್ದೆ."

ಕನ್ನಡಕದಕ್ಕನ ಕಣ್ಣಲ್ಲಿದ್ದ ನೀರು ಅಲ್ಲೇ ನಿಂತಿತು.

ಅಂಗಡಿಯ ಗಾಜಿನ ಬೀರುವಿನ ಮೇಲಿನ ಹಲಗೆಯಲ್ಲಿ ಎಡಗಡೆಯ ಕಡ್ಡಿ ಬಗ್ಗಿದ ಹಳೆಯ ಕನ್ನಡಕವೊಂದಿತ್ತು. ಅದನ್ನು ಬಿಸಿ ಮಾಡಿ ನೆಟ್ಟಗೆ ಮಾಡುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಅಪ್ಪ ಮುಟ್ಟಲು ಬಿಡುತ್ತಿರಲಿಲ್ಲ. ಕೊನೆಗೊಂದು ದಿನ, ಹಾಸಿಗೆ ಹಿಡಿದ ಮೇಲೆ, ನಿನ್ನನ್ನು ಮೊದಲು ಎತ್ತಿಕೊಂಡಾಗ ನೀನೇ ಕಿತ್ತದ್ದು ಅದು ಎಂದು ಇವಳಿಗೊಬ್ಬಳಿಗೇ ಹೇಳಿದ್ದ. ಇವಳು ಯಾರಿಗೂ ಹೇಳಿರಲಿಲ್ಲ. ಅಲ್ಲಿದ್ದವರಿಗಲ್ಲದೆ ಬೇರೆಯವರಿಗೆ ಅದು ತಿಳಿದಿರಲು ಸಾಧ್ಯವೇ ಇರಲಿಲ್ಲ. ಚಿಕ್ಕಮ್ಮ ಅಲ್ಲಿದ್ದಳು. ಮೈಯಲ್ಲಿ ಜ್ವರವಿಲ್ಲದೆ, ಕಣ್ಣು ಬಿಟ್ಟುಕೊಂಡು, ನಗುವವರ ನಡುವೆ ನಿಂತು ಇವಳ ಬೆರಳು ಬಿಡಿಸಿದ್ದಳು.

ವಕೀಲ ಮುಂದೆ ಏನೇನೋ ಕೇಳಿದ. ಅದೊಂದೂ ಇವಳ ಕಿವಿಗೆ ಬೀಳಲಿಲ್ಲ.

ತೀರ್ಪು ಎಷ್ಟೋ ತಿಂಗಳು ಕಳೆದು ಬಂತು. ದತ್ತು ಸಿಂಧು, ಇವಳೇ ಮಗಳು, ಮನೆ ಅಂಗಡಿ ಇವಳದೇ. ಚಿಕ್ಕಪ್ಪ ಈಗ ಕನ್ನಡಕ ಬೇರೆ ಕಡೆ ಮಾಡಿಸುತ್ತಾನಂತೆ, ಮೂಗಿನ ಮೇಲೆ ನಿಲ್ಲುವುದಿಲ್ಲವಂತೆ. ಆದರೆ ಕನ್ನಡಕದಕ್ಕನ ಪಾಲಿಗೆ ಕೇಸು ಮುಗಿದದ್ದು ಸಾಕ್ಷಿಯ ದಿನವೇ, ಬಸ್ ನಿಲ್ದಾಣದಲ್ಲಿ.

ಇಬ್ಬರೂ ಕೋರ್ಟಿನಿಂದ ನಡೆದು ಬಂದಿದ್ದರು. ಚಿಕ್ಕಮ್ಮನ ಊರಿನ ಬಸ್ಸು ಬಂದು ನಿಂತಿತು. ಅಭ್ಯಾಸಬಲದಿಂದ ಚಿಕ್ಕಮ್ಮ ಇವಳ ಕೈ ಹಿಡಿದುಕೊಂಡಳು, ಅಭ್ಯಾಸಬಲದಿಂದಲೇ ಬಾಯಿ ತೆರೆದಳು. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅಷ್ಟು ವರ್ಷ ಆ ಒಂದು ಮಾತು ಹೇಳಲಿಕ್ಕೆಂದೇ ಬರುತ್ತಿದ್ದವಳು, ಅದನ್ನು ತುಂಬಿದ ಕೋರ್ಟಿನಲ್ಲಿ ಕಳೆದುಕೊಂಡು ನಿಂತಿದ್ದಳು.

ಕನ್ನಡಕದಕ್ಕನಿಗೆ ಸಿಟ್ಟಿತ್ತು. ಸಣ್ಣ ಮಗುವಿನಂತೆ ನೆಲಕ್ಕೆ ಬಿದ್ದು ಅಳಬೇಕೆನಿಸುವಷ್ಟು ದುಃಖವಿತ್ತು. ಕೈ ಬಿಡಿಸಿಕೊಳ್ಳಬೇಕು ಎಂದುಕೊಂಡಳು. ಆದರೆ ಆ ಮುದಿ ಬೆರಳುಗಳು ಬಿಗಿಯಾಗಿ ಹಿಡಿದಿದ್ದವು, ಅವನ್ನು ಒಂದೊಂದಾಗಿ ಬಿಡಿಸುವುದು ಅವಳಿಂದ ಆಗಲಿಲ್ಲ.

ಕಂಡಕ್ಟರ್ ಸೀಟಿ ಊದಿದ.

"ನಿಂಗೆ ಜ್ವರ ಇತ್ತು ಚಿಕ್ಕಮ್ಮ," ಎಂದಳು. "ನೀನು ಮಲಗಿದ್ದೆ. ನಿಂಗೇನೂ ಗೊತ್ತಿರ್ಲಿಲ್ಲ."