ಪೈಸೆಯ ಆಟ, ಹುಣಸೆಬೀಜದ ಆಟ

ಮೊಮ್ಮಗಳು ಬಾಂದ್ರಾದ ಆಫೀಸಿನಿಂದ ಬಂದವಳೇ ಫೋನಿನಲ್ಲಿ ಪೋಕರ್ ಆಡಲು ಕೂರುತ್ತಾಳೆ. ನಿನ್ನೆ ಕೇಳಿದಳು: "ಅಜ್ಜಿ, ಕ್ಯಾಶ್ ಗೇಮ್ ಅಚ್ಛಾ ಕಿ ಟೂರ್ನಮೆಂಟ್?" ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳನ್ನು ಇಂಥದ್ದು ಯಾರು ಕೇಳುತ್ತಾರೆ, ಹೇಳಿ. ಆದರೆ ನಾನು ಎರಡನ್ನೂ ಆಡಿದವಳು.

ಎಪ್ಪತ್ತರ ದಶಕದ ಮಾತು, ಪರೇಲಿನ ಚಾಳು. ಗಂಡಸರು ಮಿಲ್ಲಿಗೆ ಹೋದ ಮೇಲೆ ನಾವು ನಾಲ್ವರು ಹೆಂಗಸರು ಮೂರೆಲೆ ಇಸ್ಪೀಟಿಗೆ, ತೀನ್ ಪತ್ತಿಗೆ, ಕೂರುತ್ತಿದ್ದೆವು. ಐದೈದು ಪೈಸೆಯ ಆಟ. ಎಲೆ ಸರಿಯಿಲ್ಲದಿದ್ದರೆ ಬಿಡು, ಬೇಸರವಾದರೆ ಏಳು, ಗೆದ್ದದ್ದರಲ್ಲಿ ಕೊತ್ತಂಬರಿ ತಾ. ನಾಲ್ಕಕ್ಕೆ ನಲ್ಲಿ ಗೊರಗುಟ್ಟಿತೋ, ಕೈಯಲ್ಲಿ ಮೂರು ಎಕ್ಕವಿದ್ದರೂ ಕೊಡ ಹಿಡಿದು ಓಡಬೇಕು. ಅದು ನಮ್ಮ ಕಾಯಿದೆ. ನಾನು ದಿನವೂ ಗೆಲ್ಲುತ್ತಿದ್ದೆ ಎಂದರೆ ಸುಳ್ಳು. ಹೆಚ್ಚು ಸೋಲುತ್ತಿರಲಿಲ್ಲ, ಅಷ್ಟೇ. ಜಿಪುಣಿ.

ಗಣಪತಿ ಹಬ್ಬಕ್ಕೆ ಗಂಡಸರು ತೀನ್ ಪತ್ತಿಯದೇ ಸ್ಪರ್ಧೆ ಇಡುತ್ತಿದ್ದರು. ತಲೆಗೆ ಐವತ್ತು ಹುಣಸೆಬೀಜ. ಬೀಜ ಮುಗಿದವರು ಹೊರಗೆ, ಕೊನೆಗೆ ಉಳಿದವನಿಗೆ ಒಂದು ಸ್ಟೋವ್. ಒಂದು ವರ್ಷ ನಮ್ಮ ಹೆಸರೂ ಬರೆದುಕೊಳ್ಳಿ ಎಂದೆ. ಚಾಳಿನ ಸೆಕ್ರೆಟರಿ ಸೊಲ್ಲಾಪುರದ ಕಡೆಯವನು, ನಕ್ಕ.

"ವಹಿನಿ, ಇದು ಹೆಣಮಕ್ಕಳ ಆಟ ಅಲ್ರಿ. ಆತು, ನೀವೊಬ್ರು ಕೂಡ್ರಿ. ಕಡೀ ಇಬ್ಬರಾಗ ಉಳದ್ರ ಮುಂದಿನ ವರ್ಷ ಎಲ್ಲಾರ ಹೆಸರೂ ಬರ್ಕೋತೀನಿ. ಇಲ್ಲಾಂದ್ರ ಮತ್ತ ಕೇಳಬ್ಯಾಡ್ರಿ."

ಕುಳಿತೆ. ಮೂರೂವರೆಗೆ ನನ್ನ ಗುಡ್ಡೆಯೇ ದೊಡ್ಡದು. ನಾಲ್ಕಕ್ಕೆ ನಲ್ಲಿ ಗೊರಗುಟ್ಟಿತು. ಕಾಲುಗಳು ನನ್ನನ್ನು ಕೇಳಲಿಲ್ಲ. ಎದ್ದು ಹೋಗಿ ಸಾಲಿನಲ್ಲಿ ನಿಂತು ಎರಡು ಕೊಡ ತುಂಬಿಸಿ ಬಂದರೆ, ಗುಡ್ಡೆಯಲ್ಲಿ ಒಂಬತ್ತೇ ಬೀಜ! ಆ ಆಟದಲ್ಲಿ ಎದ್ದು ಹೋದವರ ಗುಡ್ಡೆಯಿಂದಲೂ ಪ್ರತಿ ಸುತ್ತಿಗೆ ಬೀಜ ತೆಗೆದು ಪಣಕ್ಕೆ ಕಟ್ಟುತ್ತಾರೆ, ಹೊತ್ತು ಹೋದಂತೆ ಕಟ್ಟುವುದು ದುಪ್ಪಟ್ಟು. ನನಗದು ಹೊಳೆದೇ ಇರಲಿಲ್ಲ.

ನಮ್ಮ ನಾಲ್ವರಲ್ಲಿ ಒಬ್ಬಳಾದ ಮೆಹರೂನ್‌ಬಿ ಬಾಗಿಲಲ್ಲೇ ಹಣೆ ಬಡಿದುಕೊಂಡಳು. "ಅಯ್ಯ ಹುಚ್ಚಿ! ನಿನ್ನ ನೀರು ನಾ ತುಂಬತಿದ್ದಿಲ್ಲೇನ? ಅಬ್ ಬೈಠ್, ಏಳಬ್ಯಾಡ!"

ಪೈಸೆಯ ಆಟವಾಗಿದ್ದರೆ ಒಂಬತ್ತನ್ನೂ ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದೆ. ಹುಣಸೆಬೀಜಕ್ಕೆ ಕೊತ್ತಂಬರಿ ಯಾರು ಕೊಡುತ್ತಾರೆ? ಎಲೆ ನೋಡದೆಯೇ ಒಂಬತ್ತನ್ನೂ ಮುಂದೆ ದೂಡಿದೆ. ಜೋಡಿ ರಾಣಿ ಬಂದಿದ್ದವು, ಗೆದ್ದೆ. ಮತ್ತೆ ಎಲ್ಲವನ್ನೂ ದೂಡಿದೆ. ಧೈರ್ಯವೆಂದು ತಿಳಿಯಬೇಡಿ; ಮನೆಗೆ ಒಯ್ಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಉಳಿದವರು ಇಬ್ಬರು, ನಾನು ಮತ್ತು ಸೆಕ್ರೆಟರಿ. ಗೆದ್ದವನು ಅವನೇ. ಸ್ಟೋವ್ ಎತ್ತಿಕೊಳ್ಳಲು ಬಗ್ಗಿದವನ ಎದುರಿಗೆ ನಿಂತು, "ಮದಲ ವಹಿ ತಗೀರಿ, ಹೆಸರು ಬರ್ಕೋರಿ," ಎಂದೆ. ನನ್ನದೂ ಸೇರಿ ಹನ್ನೊಂದು ಹೆಂಗಸರ ಹೆಸರು ಹೇಳಿದೆ. ಮುಖ ಗಂಟಿಕ್ಕಿಕೊಂಡು ಬರೆದ. ಮುಂದಿನ ವರ್ಷ ಹನ್ನೊಂದು ಮಂದಿಯೂ ಕುಳಿತೆವು. ಸ್ಟೋವ್ ಸೋತೆ, ನಿಜ. ಆದರೆ ಅಷ್ಟು ಜಂಬ ನನಗೆ ಮತ್ತೆಂದೂ ಬಂದಿಲ್ಲ.

ಇಷ್ಟನ್ನೂ ಕೇಳಿ ಮೊಮ್ಮಗಳು, "ತೋ ಬೆಸ್ಟ್ ಯಾವುದು, ಬೋಲೋ ನಾ," ಎಂದಳು.

"ನಡುವ ಎದ್ದು ಹೋಗೂ ಕೆಲಸ ಇದ್ದಾಕಿಗೆ ಕ್ಯಾಶ್ ಗೇಮ್. ಇಲ್ಲದಾಕಿಗೆ ಟೂರ್ನಮೆಂಟ್," ಎಂದೆ.

ಹೇಳಿದ ಮೇಲೆ ಯೋಚನೆ ಬಂತು: ನನಗೀಗ ಏಳುವಂಥ ಕೆಲಸ ಏನಿದೆ? ಕನ್ನಡಕ ಹಾಕಿಕೊಂಡು ಅವಳ ಪಕ್ಕ ಕುಳಿತೆ.

"ಟೂರ್ನಮೆಂಟಿಗೆ ನನ್ನ ಹೆಸರೂ ಹಾಕು."